ಕೂಲಿ ಕಡಿಮೆ ಸರಿ, ಟನ್ನಿಗೆ ಎಷ್ಟು ಬೀಳುತ್ತದೆ? ದೇಶ ದೇಶಗಳ ಲೆಕ್ಕ ಹೋಲಿಸುವ ಬಗೆ

ಅಡಿಕೆ ಸುಲಿಯುವ ಕಾಲದಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ಯಾವ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಈ ಸಲ ಸುಲಿಯೋದಕ್ಕೆ ಕೆ.ಜಿ.ಗೆ ಎಷ್ಟು?" ದಿನದ ಕೂಲಿ ಆಮೇಲಿನ ಮಾತು. ಮೆಟ್ಟುಗತ್ತಿ ಮುಂದೆ ಕೂತವರಲ್ಲಿ ಒಬ್ಬರ ಕೈ ಚುರುಕು, ಇನ್ನೊಬ್ಬರದ್ದು ನಿಧಾನ. ತೋಟದ ಯಜಮಾನರಿಗೆ ಬೇಕಾಗಿರುವುದು ಒಂದು ಕೆ.ಜಿ. ಸುಲಿಸಲು ಕೈಬಿಟ್ಟ ದುಡ್ಡು ಎಷ್ಟು ಅನ್ನುವುದು.

ಅರ್ಥಶಾಸ್ತ್ರದವರು ಯೂನಿಟ್ ಲೇಬರ್ ಕಾಸ್ಟ್ ಅಂತ ಕರೆಯುವುದು ಇದನ್ನೇ. ಮಲೆನಾಡಿನವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಅದೇ ಜನ ಶಿವಮೊಗ್ಗಕ್ಕೆ ಬಂದು ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಮಾಚೇನಹಳ್ಳಿಯ ಫೌಂಡ್ರಿಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಲೆಕ್ಕಕ್ಕೆ ಕೂತರೆ, ಯಾಕೋ ದಿನಗೂಲಿಯ ಹಿಂದೆಯೇ ಬೀಳುತ್ತಾರೆ.

ಫೌಂಡ್ರಿ ನಡೆಸುವ ಪರಿಚಯದವರೊಬ್ಬರಿಗೆ ಜರ್ಮನಿಯ ಗಿರಾಕಿಯಿಂದ ಒಂದು ಮೇಲ್ ಬಂದಿತ್ತು. "ನಿಮ್ಮಲ್ಲಿ ಕೂಲಿ ಇಷ್ಟು ಅಗ್ಗ, ಎರಕದ ರೇಟು ಮಾತ್ರ ಯಾಕೆ ಇನ್ನೂ ಇಳಿದಿಲ್ಲ?" ಅವರು ನನಗೆ ಫೋನ್ ಮಾಡಿ, "ಎಂತ ಬರೀಲಿ ಮಾರಾಯ ಇವನಿಗೆ?" ಅಂದರು. ನಾನು ಇಂಥ ಲೆಕ್ಕಗಳನ್ನೇ ಮಾಡಿಕೊಂಡಿರುವವನು. ಎರಡು ದಿನ ಕೂತು ಮಾಡಿದ ಕೆಲಸವನ್ನೇ ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ.

ಮೊದಲು: ಪ್ರಶ್ನೆ ಯಾವುದು?

ಹಾಳೆ ತೆಗೆದು ಮೇಲೆ ಒಂದೇ ಸಾಲು ಬರೆಯಿರಿ. ಈ ಹೋಲಿಕೆ ಯಾಕೆ ಬೇಕು? "ನನ್ನ ಮಾಲು ಆ ದೇಶದ ಮಾಲಿನ ಎದುರು ರೇಟಿನಲ್ಲಿ ನಿಲ್ಲುತ್ತದಾ" ಅನ್ನುವುದು ಒಂದು ಪ್ರಶ್ನೆ. "ಅಲ್ಲಿಯ ಕೆಲಸಗಾರ ನಮ್ಮವನಿಗಿಂತ ಎಷ್ಟು ಚೆನ್ನಾಗಿ ಬದುಕುತ್ತಾನೆ" ಅನ್ನುವುದು ಇನ್ನೊಂದು. "ಗಂಟೆಗೆ ಅವರು ನಿಜಕ್ಕೂ ಎಷ್ಟು ಜಾಸ್ತಿ ಮಾಲು ತೆಗೆಯುತ್ತಾರೆ" ಅನ್ನುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಅಂಕಿ ಬೇಕು, ಬೇರೆ ಬೇರೆ ವಿನಿಮಯ ದರ ಬೇಕು. ನಾನು ನೋಡಿದ ತಪ್ಪು ಕೋಷ್ಟಕಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹಳಿ ತಪ್ಪಿದ್ದವು.

ನಮ್ಮದು ಮೊದಲನೇ ಪ್ರಶ್ನೆ. ರೇಟಿನದ್ದು.

ಎರಕಕ್ಕೆ ಎರಕ, ಬಟ್ಟೆಗೆ ಬಟ್ಟೆ

"ಭಾರತದ ಕಾರ್ಖಾನೆ" ಮತ್ತು "ಜರ್ಮನಿಯ ಕಾರ್ಖಾನೆ" ಅಂತ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಅಲ್ಲಿ ಕಾರು, ಔಷಧ, ಯಂತ್ರಗಳ ಪಾಲು ದೊಡ್ಡದು. ಇಲ್ಲಿ ಬಟ್ಟೆ, ಆಹಾರ, ಬೀಡಿ ಎಲ್ಲ ಸೇರಿರುತ್ತದೆ. ಉದ್ಯಮಗಳಿಗೆ ಸಂಖ್ಯೆ ಕೊಟ್ಟು ವಿಂಗಡಿಸುವ ಪದ್ಧತಿ ಇದೆ. ನಮ್ಮ ದೇಶದ್ದಕ್ಕೆ ಎನ್‌ಐಸಿ 2008 ಅಂತ ಹೆಸರು. ಅದು ವಿಶ್ವಸಂಸ್ಥೆಯ ಐಎಸ್‌ಐಸಿ ನಾಲ್ಕನೇ ಪರಿಷ್ಕರಣೆಯ ಮೇಲೆ ನಿಂತಿರುವುದರಿಂದ ಮೊದಲ ನಾಲ್ಕು ಅಂಕೆ ಹೊಂದುತ್ತವೆ. ಕಬ್ಬಿಣ ಮತ್ತು ಉಕ್ಕಿನ ಎರಕಕ್ಕೆ 2431. ಸಿದ್ಧ ಉಡುಪಿಗೆ 14, ನೂಲು ಬಟ್ಟೆಗೆ 13. ಗಾರ್ಮೆಂಟ್ಸ್‌ನವರು 13 ಮತ್ತು 14ನ್ನು ಕಲೆಸಿಬಿಡುವುದು ಬಹಳ ಸಾಮಾನ್ಯ. ಮಿಲ್ಲಿನಲ್ಲಿ ಯಂತ್ರ ಜಾಸ್ತಿ, ಹೊಲಿಗೆಯಲ್ಲಿ ಕೈ ಜಾಸ್ತಿ. ಎರಡನ್ನು ಕೂಡಿಸಿದರೆ ಎರಡೂ ಸುಳ್ಳಾಗುತ್ತವೆ.

2431ರ ಒಳಗೂ ಹುಷಾರಾಗಿರಿ. ಟ್ರ್ಯಾಕ್ಟರಿಗೆ ಭಾರಕ್ಕೆಂದು ಹಾಕುವ ತೂಕದ ಕಲ್ಲಿನಂಥ ಎರಕ ತೆಗೆಯುವವನಿಗೆ ಟನ್ನು ಬೇಗ ತುಂಬುತ್ತದೆ. ತೆಳು ಗೋಡೆಯ ಪಂಪಿನ ಹೌಸಿಂಗ್ ಎರೆಯುವವನಿಗೆ ಅದೇ ಟನ್ನಿಗೆ ಮೂರು ಪಟ್ಟು ಕೋರ್ (ಒಳಗಿನ ಟೊಳ್ಳಿಗೆ ಇಡುವ ಮರಳಚ್ಚು), ಫೆಟ್ಲಿಂಗ್ (ಎರಕದ ಮೈ ಕೆರೆದು ನಯ ಮಾಡುವ ಕೆಲಸ) ಬೇಕಾಗಬಹುದು. ಟನ್ ಲೆಕ್ಕದಲ್ಲಿ ಮೊದಲನೆಯವ ಗೆದ್ದಂತೆ ಕಾಣುತ್ತಾನೆ, ಅಷ್ಟೇ.

ಕೂಲಿಯ ಲೆಕ್ಕ: ಕೈಗೆ ಬಂದದ್ದಲ್ಲ, ಕೈಬಿಟ್ಟದ್ದು

ಕೆಲಸಗಾರನ ಸಂಬಳದ ಚೀಟಿ ಒಂದು, ಮಾಲೀಕನ ಖರ್ಚು ಇನ್ನೊಂದು. ಹೋಲಿಕೆಗೆ ಬೇಕಾದ್ದು ಎರಡನೆಯದು. ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿ ಲೆಕ್ಕ ತಿಳಿಯಲಿ ಅಂತ ನಾನು ಹಾಕಿಕೊಂಡದ್ದು, ದರಗಳು ಮಾತ್ರ ನಿಜವಾದವು.

ಮರಳಿನ ಅಚ್ಚು ಕಟ್ಟುವ ಒಬ್ಬ ಮೌಲ್ಡರ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ 15,000, ಮನೆ ಬಾಡಿಗೆ ಭತ್ಯೆ 3,000. ಒಟ್ಟು 18,000 ರೂಪಾಯಿ. ಪಿಎಫ್‌ಗೆ ಮಾಲೀಕನ ಪಾಲು ಶೇ 12, ಅಂದರೆ 1,800. ಪಿಎಫ್‌ನ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಇನ್ನೊಂದು 150. ಇಎಸ್‌ಐಗೆ ಶೇ 3.25, ಅಂದರೆ 585. ಕನಿಷ್ಠ ಬೋನಸ್ ಶೇ 8.33ರಂತೆ ಸುಮಾರು 1,250. ಗ್ರಾಚ್ಯುಯಿಟಿ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ ಹಂಚಿದರೆ ಸುಮಾರು 720. ಕ್ಯಾಂಟೀನು, ಬೂಟು, ಸಮವಸ್ತ್ರ, ಬಸ್ಸು ಎಲ್ಲ ಸೇರಿ 1,500 ಇಟ್ಟುಕೊಳ್ಳಿ. ಒಟ್ಟು 24,000 ದಾಟುತ್ತದೆ.

ಈಗ ಗಂಟೆ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಅಂತ ಭಾಗಿಸುವುದು ರೂಢಿ. ಆದರೆ ಭಾನುವಾರ, ಹಬ್ಬದ ರಜೆ, ಗಳಿಕೆ ರಜೆ, ಕಾಯಿಲೆ ರಜೆ ಕಳೆದರೆ ಆತ ನಿಜಕ್ಕೂ ಶೆಡ್ಡಿನಲ್ಲಿ ಇರುವುದು ವರ್ಷಕ್ಕೆ 280 ದಿನ ಅಂತಿಟ್ಟುಕೊಳ್ಳಿ, 2,240 ಗಂಟೆ. ವರ್ಷದ 2,88,000 ರೂಪಾಯಿಯನ್ನು 2,240ರಿಂದ ಭಾಗಿಸಿದರೆ ಗಂಟೆಗೆ ಸುಮಾರು 129 ರೂಪಾಯಿ. ಚೀಟಿ ನೋಡಿ 18,000ವನ್ನು 208ರಿಂದ ಭಾಗಿಸಿದವನಿಗೆ ಸಿಗುವುದು ಸುಮಾರು 87. ಒಂದೇ ಮನುಷ್ಯ, ಒಂದೇ ಶೆಡ್ಡು, ಒಂದೂವರೆ ಪಟ್ಟು ವ್ಯತ್ಯಾಸ! ಓವರ್‌ಟೈಮ್ ಇದ್ದರೆ ಕಾನೂನಿನ ಪ್ರಕಾರ ಅದಕ್ಕೆ ಎರಡರಷ್ಟು ದರ. ಅದನ್ನೂ ಸೇರಿಸಬೇಕು, ಆ ಗಂಟೆಗಳನ್ನೂ ಸೇರಿಸಬೇಕು.

ಬೇರೆ ದೇಶದ ಅಂಕಿಯಲ್ಲೂ ಇದೇ ಎಚ್ಚರ ಬೇಕು. ಯುರೋಪಿನ ಅಂಕಿಅಂಶ ಕಚೇರಿ ಯೂರೋಸ್ಟಾಟ್ ಪ್ರಕಾರ 2024ರಲ್ಲಿ ಒಕ್ಕೂಟದ ಸರಾಸರಿ ಗಂಟೆಯ ಕಾರ್ಮಿಕ ವೆಚ್ಚ 33.5 ಯೂರೋ. ಬಲ್ಗೇರಿಯಾದಲ್ಲಿ 10.6, ಜರ್ಮನಿಯಲ್ಲಿ 43.4, ಲಕ್ಸೆಂಬರ್ಗ್‌ನಲ್ಲಿ 55.2. ಇದರಲ್ಲಿ ಸರಾಸರಿ ಕಾಲು ಭಾಗದಷ್ಟು ಸಂಬಳವೇ ಅಲ್ಲ, ಮಾಲೀಕ ಕಟ್ಟುವ ಸಾಮಾಜಿಕ ವಿಮೆ ಇತ್ಯಾದಿ. ಫ್ರಾನ್ಸಿನಲ್ಲಿ ಆ ಪಾಲು ಮೂರನೇ ಒಂದರ ಹತ್ತಿರ ಹೋಗುತ್ತದೆ. ಅವರ ಬರೀ ಸಂಬಳವನ್ನು ನಮ್ಮ ಪೂರ್ತಿ ಖರ್ಚಿನ ಎದುರು ಇಟ್ಟರೆ ತಕ್ಕಡಿ ಒಂದೇ ಕಡೆ ವಾಲುತ್ತದೆ.

ಕನಿಷ್ಠ ಕೂಲಿ ಇಟ್ಟುಕೊಂಡು ಹೋಲಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅಂಕಿ ಸುಲಭವಾಗಿ ಸಿಗುತ್ತದೆ ಅನ್ನುವುದೊಂದೇ ಅದರ ಗುಣ. ಅಮೆರಿಕದ ಕೇಂದ್ರ ಸರಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಅಷ್ಟಕ್ಕೆ ಅಲ್ಲಿ ಫೌಂಡ್ರಿ ಕೆಲಸಕ್ಕೆ ಬರುವವರನ್ನು ಹುಡುಕಿ ನೋಡಿ. ಬಾಂಗ್ಲಾದೇಶದ ಗಾರ್ಮೆಂಟ್ಸ್‌ನಲ್ಲಿ 2023ರ ಡಿಸೆಂಬರಿನಿಂದ ತಿಂಗಳಿಗೆ 12,500 ಟಾಕಾ ಅಂತ ನಿಗದಿಯಾಯಿತು. ಅಲ್ಲಿ ಈ ಅಂಕಿಗೆ ನಿಜದ ಸಂಬಳದ ಜೊತೆ ಹತ್ತಿರದ ಸಂಬಂಧ ಇದೆ, ಅಮೆರಿಕದಲ್ಲಿ ಇಲ್ಲ. ಹಾಗಿರುವಾಗ ಎರಡನ್ನೂ ಒಂದೇ ಕಾಲಂನಲ್ಲಿ ಹೇಗೆ ಬರೆಯುವುದು?

ತಲೆಗೆ ಬೇಡ, ಗಂಟೆಗೆ ಭಾಗಿಸಿ

ಜರ್ಮನಿಯ ಕೆಲಸಗಾರ ಸರಾಸರಿ ವರ್ಷಕ್ಕೆ ಸುಮಾರು 1,340 ಗಂಟೆ ಕೆಲಸ ಮಾಡುತ್ತಾನೆ. ಮೆಕ್ಸಿಕೋದವನು ಸುಮಾರು 2,200. ಅರೆಕಾಲಿಕ ಕೆಲಸದವರೂ ಜರ್ಮನಿಯ ಲೆಕ್ಕದಲ್ಲಿ ಜಾಸ್ತಿ. ತಲೆ ಲೆಕ್ಕದ ಉತ್ಪಾದಕತೆ, ಅಂದರೆ ಒಬ್ಬನಿಂದ ವರ್ಷಕ್ಕೆ ಬರುವ ಮಾಲು, ತೆಗೆದರೆ ಮೆಕ್ಸಿಕೋದವನ ಜಾಸ್ತಿ ದುಡಿತವೆಲ್ಲ ಜಾಣ್ಮೆಯ ಹಾಗೆ ಕಾಣುತ್ತದೆ. ಗಂಟೆಯ ಅಂಕಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಭಾಗಾಕಾರದ ಮೇಲಿನ ಸಂಖ್ಯೆ: ಮಾಲೋ, ಮೌಲ್ಯವೋ?

ಇಲ್ಲಿ ನಾನೇ ಒಮ್ಮೆ ಎಡವಿದ್ದೆ. ಕೆಲವು ವರ್ಷದ ಹಿಂದೆ ಒಂದು ಘಟಕಕ್ಕೆ ಹೋಲಿಕೆಯ ಪಟ್ಟಿ ಮಾಡಿಕೊಟ್ಟೆ. ವಿದೇಶದ ಒಂದು ಕಂಪನಿಯ ವಾರ್ಷಿಕ ವರದಿಯಿಂದ ವಹಿವಾಟು ತೆಗೆದು ನೌಕರರ ಸಂಖ್ಯೆಯಿಂದ ಭಾಗಿಸಿದೆ. ಬಂದ ಅಂಕಿ ನೋಡಿ ಎಲ್ಲರೂ ಬೆಚ್ಚಿದರು. ಆಮೇಲೆ ತಿಳಿಯಿತು, ಆ ಕಂಪನಿ ಕಚ್ಚಾ ಎರಕವನ್ನು ಹೊರಗಿನಿಂದ ಕೊಂಡು, ಬರೀ ಮೆಷಿನಿಂಗ್ ಮಾಡಿ, ಜೋಡಿಸಿ ಮಾರುತ್ತಿತ್ತು. ಬೇರೆಯವರ ದುಡಿಮೆಯನ್ನೆಲ್ಲ ನಾನು ಇವರ ಹೆಸರಿಗೆ ಬರೆದಿದ್ದೆ. ಪಟ್ಟಿ ವಾಪಸ್ ತೆಗೆದುಕೊಂಡೆ, ಮುಖ ಸಣ್ಣದಾಯಿತು.

ಹಾಗಾಗಿ ವಹಿವಾಟು ಬೇಡ. ಮೌಲ್ಯವರ್ಧನೆ ತೆಗೆದುಕೊಳ್ಳಿ: ಮಾರಿದ ಮಾಲಿನ ಬೆಲೆಯಿಂದ ಸ್ಕ್ರ್ಯಾಪು, ಪಿಗ್ ಐರನ್ ಎಂಬ ಕಚ್ಚಾ ಕಬ್ಬಿಣ, ಕರೆಂಟು, ಮರಳು, ಹೊರಗೆ ಕೊಟ್ಟ ಕೆಲಸ ಎಲ್ಲ ಕಳೆದು ಉಳಿದದ್ದು. ಇದಕ್ಕೆ ಜಿವಿಎ ಅನ್ನುತ್ತಾರೆ. ನಮ್ಮಲ್ಲಿ ಇದರ ದೊಡ್ಡ ಮೂಲ ಕೇಂದ್ರದ ವಾರ್ಷಿಕ ಕೈಗಾರಿಕಾ ಸಮೀಕ್ಷೆ, ಎಎಸ್‌ಐ. ಅದರ 2022-23ರ ಅಂಕಿಯಲ್ಲಿ ಸುಮಾರು 1.84 ಕೋಟಿ ಜನರ ದುಡಿಮೆಗೆ ಸುಮಾರು 22 ಲಕ್ಷ ಕೋಟಿ ರೂಪಾಯಿ ಜಿವಿಎ. ಭಾಗಿಸಿದರೆ ತಲೆಗೆ ವರ್ಷಕ್ಕೆ 12 ಲಕ್ಷದ ಆಸುಪಾಸು.

ಆದರೆ ಈ 12 ಲಕ್ಷ ಎಲ್ಲ ಕಾರ್ಖಾನೆಗಳದ್ದಲ್ಲ. ಕರೆಂಟು ಬಳಸಿ 10 ಜನ, ಕರೆಂಟಿಲ್ಲದೆ 20 ಜನ ಇರುವ, ಆಗಿನ ಫ್ಯಾಕ್ಟರಿ ಕಾನೂನಿನಡಿ ನೋಂದಾಯಿತ ಘಟಕಗಳೇ ಆ ಎಎಸ್‌ಐನಲ್ಲಿ ಮುಖ್ಯವಾಗಿ ಬಂದದ್ದು. ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಜನ ಇಟ್ಟುಕೊಂಡು ಗೇಟು ವೆಲ್ಡಿಂಗ್ ಮಾಡುವವರು ಇಲ್ಲಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಕಚೇರಿ ಹಿಂದೆ ಭಾರತದ ಸಂಘಟಿತ ಕಾರ್ಖಾನೆಗಳ ಗಂಟೆಯ ವೆಚ್ಚ 2005ರಲ್ಲಿ ಸುಮಾರು 91 ಸೆಂಟ್, ಅಂದರೆ ಅಮೆರಿಕದ ಶೇ 3ರಷ್ಟು ಅಂತ ಲೆಕ್ಕ ಹಾಕಿತ್ತು. ಅದು ಸಂಘಟಿತ ವಲಯದ್ದು ಮಾತ್ರ ಅನ್ನುವ ಮಾತನ್ನು ಬಿಟ್ಟು ಅಂಕಿಯನ್ನಷ್ಟೇ ಎತ್ತಿಕೊಂಡು ತಿರುಗಿದವರು ಬಹಳ.

ಗುತ್ತಿಗೆಯವರ ವಿಷಯವೂ ಹೀಗೇ. ನಮ್ಮ ಎಎಸ್‌ಐನಲ್ಲಿ ಕಂಟ್ರಾಕ್ಟರ್ ಮೂಲಕ ಬಂದವರನ್ನೂ ಕಾರ್ಖಾನೆಯ ಕೆಲಸಗಾರರೆಂದೇ ಎಣಿಸುತ್ತಾರೆ. ಅಮೆರಿಕದಲ್ಲಿ ಏಜೆನ್ಸಿಯಿಂದ ಬಂದ ತಾತ್ಕಾಲಿಕ ಕೆಲಸಗಾರ ಕಾರ್ಖಾನೆಯೊಳಗೇ ದುಡಿದರೂ ಏಜೆನ್ಸಿಯ ಸೇವಾ ವಲಯದ ಲೆಕ್ಕಕ್ಕೆ ಸೇರುತ್ತಾನೆ. ಮಾಲು ಕಾರ್ಖಾನೆಯ ಖಾತೆಗೆ, ತಲೆ ಬೇರೆ ಖಾತೆಗೆ! ಉತ್ಪಾದಕತೆ ಸುಮ್ನೆ ಏರಿದಂತೆ ಕಾಣುತ್ತದೆ.

ಕಾಗದದ ಆಟಕ್ಕೆ ಹೆಸರುವಾಸಿಯಾದದ್ದು ಐರ್ಲೆಂಡ್. 2015ರಲ್ಲಿ ಅದರ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು ಶೇ 26 ಬೆಳೆಯಿತು ಅಂತ ಪ್ರಕಟವಾಯಿತು. ಐರಿಶ್ ಕೆಲಸಗಾರರು ರಾತ್ರೋರಾತ್ರಿ ಜಾಣರಾಗಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಆಸ್ತಿಯನ್ನು ಅಲ್ಲಿಯ ಖಾತೆಗೆ ವರ್ಗಾಯಿಸಿದವು, ಲಾಭ ಅಲ್ಲಿ ದಾಖಲಾಯಿತು. ಪಟ್ಟಿಯಲ್ಲಿ ಐರ್ಲೆಂಡ್ ಮೇಲಿದ್ದರೆ ನಾನು ಆ ಸಾಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಮುಂದೆ ಹೋಗುತ್ತೇನೆ.

ರೂಪಾಯಿಯನ್ನು ಡಾಲರ್ ಮಾಡುವುದು

ಎರಡು ದಾರಿ. ಒಂದು, ಬ್ಯಾಂಕಿನ ದರ. ಇನ್ನೊಂದು ಪಿಪಿಪಿ, ಅಂದರೆ ಒಂದು ಡಾಲರಿಗೆ ಅಲ್ಲಿ ಸಿಗುವಷ್ಟು ಸಾಮಾನನ್ನು ಇಲ್ಲಿ ಕೊಳ್ಳಲು ಎಷ್ಟು ರೂಪಾಯಿ ಬೇಕು ಅನ್ನುವ ದರ. ವಿಶ್ವಬ್ಯಾಂಕ್ ನಡೆಸುವ ಬೆಲೆ ಹೋಲಿಕೆಯ ಪ್ರಕಾರ 2017ರಲ್ಲಿ ಪಿಪಿಪಿ ದರ ಡಾಲರಿಗೆ 20.65 ರೂಪಾಯಿ, ಬ್ಯಾಂಕಿನ ದರ 65.12. ಮೂರು ಪಟ್ಟು ಅಂತರ. ಇಲ್ಲಿ ಹೇರ್ ಕಟಿಂಗು, ಮನೆ ಬಾಡಿಗೆ, ಹೋಟೆಲ್ ಇಡ್ಲಿ ಎಲ್ಲ ಅಗ್ಗ ಅನ್ನುವುದೇ ಕಾರಣ.

ಕೆಲಸಗಾರನ ಬದುಕು ಹೋಲಿಸಬೇಕಾ? ಪಿಪಿಪಿ ಬಳಸಿ. ಗಿರಾಕಿಗೆ ರೇಟು ಹೇಳಬೇಕಾ? ಬ್ಯಾಂಕಿನ ದರ ಬಳಸಿ. ಜರ್ಮನಿಯವನು ಪಿಪಿಪಿ ಯೂರೋದಲ್ಲಿ ಬಿಲ್ಲು ಕಟ್ಟುವುದಿಲ್ಲ, ಅಲ್ವಾ? ಉತ್ಪಾದಕತೆಗೆ ಪಿಪಿಪಿ, ಕೂಲಿಗೆ ಬ್ಯಾಂಕಿನ ದರ ಅಂತ ಬಳಸುವ ಪಟ್ಟಿಗಳೂ ಇವೆ. ಗಂಟೆಗೆ ಬರುವ ಮಾಲಿನ ಪ್ರಮಾಣ ಅಳೆಯಲು ಅದು ಸರಿಯಾದ ಕ್ರಮವೇ. ಆದರೆ ಇಡೀ ದೇಶದ ಪಿಪಿಪಿ ದರದಲ್ಲಿ ಹೇರ್ ಕಟಿಂಗಿನ ಬೆಲೆಯೂ ಸೇರಿರುತ್ತದೆ, ಎರಕದ ಬೆಲೆಗೆ ಅದು ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ. ಟನ್ ಲೆಕ್ಕ ಸಿಗುವ ಕಡೆ ನಾನು ಟನ್ನನ್ನೇ ನಂಬುತ್ತೇನೆ.

ಬ್ಯಾಂಕಿನ ದರಕ್ಕೂ ತನ್ನದೇ ತಂಟೆ ಇದೆ. ಜಪಾನಿನ ಯೆನ್ 2011ರಲ್ಲಿ ಡಾಲರಿಗೆ ಸುಮಾರು 80 ಇತ್ತು, 2024ರಲ್ಲಿ 150 ದಾಟಿತು. ಯೆನ್‌ನಲ್ಲಿ ಒಂದು ಪೈಸೆ ಕಡಿತವಾಗದ ಕೆಲಸಗಾರನೂ ಡಾಲರ್ ಲೆಕ್ಕದಲ್ಲಿ ಅರ್ಧ ಸಂಬಳದವನಾದ. ನಮ್ಮ ರೂಪಾಯಿಯೂ ಆ 65ರಿಂದ 2024ರ ಹೊತ್ತಿಗೆ 83 ದಾಟಿತ್ತು. ಹಾಗಾಗಿ ಒಂದು ವರ್ಷದ ದರ ನೋಡಿ ತೀರ್ಮಾನ ಬೇಡ. ನಾನು ಮೂರು ವರ್ಷದ ಸರಾಸರಿಯನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ.

ಈಗ ಭಾಗಾಕಾರ

ಮತ್ತೆ ಲೆಕ್ಕಕ್ಕಾಗಿ ಹಾಕಿಕೊಂಡ ಅಂಕಿ. ನಮ್ಮ ಫೌಂಡ್ರಿಯಲ್ಲಿ ಒಂದು ಟನ್ ಎರಕಕ್ಕೆ 70 ಮ್ಯಾನ್ ಅವರ್, ಗಂಟೆಗೆ 129 ರೂಪಾಯಿ. ಟನ್ನಿಗೆ ಬಿದ್ದದ್ದು 9,030. ಜರ್ಮನಿಯಲ್ಲಿ 10 ಗಂಟೆ ಸಾಕು ಅಂತಿಟ್ಟುಕೊಳ್ಳಿ. ಯೂರೋಗೆ 90 ರೂಪಾಯಿ ಹಿಡಿದರೆ 43.4 ಯೂರೋ ಅಂದರೆ 3,906 ರೂಪಾಯಿ, ಟನ್ನಿಗೆ 39,060. ಗಂಟೆಯ ಕೂಲಿಯಲ್ಲಿ 30 ಪಟ್ಟು ಇದ್ದ ಅಂತರ ಟನ್ನಿನಲ್ಲಿ ನಾಲ್ಕು ಪಟ್ಟು ಚಿಲ್ಲರೆಗೆ ಇಳಿಯಿತು. ನಾವು ಇನ್ನೂ ಅಗ್ಗ. ಆದರೆ ಗಿರಾಕಿ ತಲೆಯಲ್ಲಿ ಕೂತಿರುವುದು ಆ 30.

ನಿಜವಾದ ಪೈಪೋಟಿ ಮೂರನೇ ದೇಶದ ಜೊತೆ. ಅಲ್ಲಿ ಕೂಲಿ ಗಂಟೆಗೆ 430 ರೂಪಾಯಿ ಅಂತಿಟ್ಟುಕೊಳ್ಳಿ, ನಮ್ಮ ಮೂರು ಪಟ್ಟಿಗೂ ಜಾಸ್ತಿ. ಟನ್ನಿಗೆ 22 ಗಂಟೆ. ಒಟ್ಟು 9,460. ನಮಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ರಿಜೆಕ್ಷನ್ ಸೇರಿಸಿ. ನಮ್ಮಲ್ಲಿ ನೂರರಲ್ಲಿ 8 ತಿರಸ್ಕಾರ, ಅಲ್ಲಿ 3. ಒಳ್ಳೆ ಮಾಲಿನ ಟನ್ನಿಗೆ ನಮ್ಮದು 9,815 ಆಗುತ್ತದೆ, ಅವರದ್ದು 9,753. ಮೂರು ಪಟ್ಟು ಕೂಲಿ ಕೊಟ್ಟವನು ಅಗ್ಗವಾಗಿಬಿಟ್ಟ! ಇದರಲ್ಲಿ ಹಾಳಾದ ಮಾಲನ್ನು ಮತ್ತೆ ಕರಗಿಸಿದ ಕರೆಂಟಿನ ಬಿಲ್ಲು ಇನ್ನೂ ಸೇರಿಲ್ಲ.

ಮೆಷಿನ್ನಿನಲ್ಲಿ ಅಡಿಕೆ ಸುಲಿಸಿದವರಿಗೆ ಇದು ಹೊಸದಲ್ಲ. ಕೆ.ಜಿ.ಗೆ ಅಗ್ಗ ಅಂತ ಹೋಗಿ, ಒಡೆದ ಅಡಿಕೆ ಜಾಸ್ತಿಯಾಗಿ, ಮಂಡಿಯಲ್ಲಿ ರೇಟು ಬಿದ್ದಾಗ ಲೆಕ್ಕ ತಿರುಗಿಬಿಡುತ್ತದೆ.

ಅಂಕಿ ಎಲ್ಲಿಂದ ತರುವುದು

ನಮ್ಮ ದೇಶಕ್ಕೆ ಎಎಸ್‌ಐ ಮತ್ತು ರಿಸರ್ವ್ ಬ್ಯಾಂಕ್ ಜಾಲತಾಣದಲ್ಲಿರುವ, ಉದ್ಯಮವಾರು ಉತ್ಪಾದಕತೆಯ ಅಂಕಿ ಇರುವ ಕೆಎಲ್‌ಇಎಂಎಸ್. ಎರಡನೆಯದರಲ್ಲಿ 27 ಉದ್ಯಮಗಳ ಅಂಕಿ 1980-81ರಿಂದ ಇದೆ, ಅಸಂಘಟಿತರೂ ಸೇರಿರುತ್ತಾರೆ. ಹೊರದೇಶಕ್ಕೆ ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ, ಯೂರೋಸ್ಟಾಟ್, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಐಎಲ್‌ಒಸ್ಟಾಟ್. ಐಎಸ್‌ಐಸಿ ಸಂಖ್ಯೆ ಹಿಡಿದು ಹುಡುಕಲು ವಿಶ್ವಸಂಸ್ಥೆಯ ಕೈಗಾರಿಕಾ ಸಂಸ್ಥೆ ಯುನಿಡೊದ ಪಟ್ಟಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ, ಅದರಲ್ಲಿ ಮೌಲ್ಯವರ್ಧನೆ, ಸಂಬಳ, ತಲೆ ಎಣಿಕೆ ಮೂರೂ ಒಟ್ಟಿಗೆ ಸಿಗುತ್ತವೆ. ಅಮೆರಿಕದ ಆ ಕಾರ್ಮಿಕ ಅಂಕಿಅಂಶ ಕಚೇರಿ ತಾನು ಮಾಡುತ್ತಿದ್ದ ಅಂತರರಾಷ್ಟ್ರೀಯ ಹೋಲಿಕೆಯನ್ನು 2013ರಲ್ಲಿ ಅನುದಾನ ಕಡಿತದಿಂದ ನಿಲ್ಲಿಸಿತು, ಕಾನ್ಫರೆನ್ಸ್ ಬೋರ್ಡ್ ಎಂಬ ಸಂಸ್ಥೆ ಅದನ್ನು ಮುಂದುವರಿಸಿತು. ಯಾವ ಪಟ್ಟಿ ತೆಗೆದರೂ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ ಮೊದಲು ಓದಿ, ಅಂಕಿ ಆಮೇಲೆ.

ಅಂತರ ಯಾಕೆ ಅಂತ ಕೇಳದೆ ಬಿಡಬೇಡಿ

70 ಗಂಟೆಗೂ 22 ಗಂಟೆಗೂ ನಡುವಿನ ಅಂತರ ನೋಡಿ "ನಮ್ಮವರು ಸೋಮಾರಿಗಳು" ಅನ್ನುವವರು ಪ್ರತಿ ಮೀಟಿಂಗಿನಲ್ಲೂ ಒಬ್ಬರು ಇರುತ್ತಾರೆ. ಈ ಜಗಳ ಹಳೆಯದು. ಗ್ರೆಗರಿ ಕ್ಲಾರ್ಕ್ ಎಂಬ ಆರ್ಥಿಕ ಇತಿಹಾಸಕಾರರು 1987ರಲ್ಲಿ ಹಳೆಯ ಹತ್ತಿಗಿರಣಿಗಳ ಲೆಕ್ಕ ತೆಗೆದರು. 1910ರ ಹೊತ್ತಿಗೆ ಅಮೆರಿಕದ ನ್ಯೂ ಇಂಗ್ಲೆಂಡಿನ ಒಬ್ಬ ಕೆಲಸಗಾರ ಮಾಡುತ್ತಿದ್ದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಒಂದೂವರೆ ಜನ, ಜರ್ಮನಿಯಲ್ಲಿ 2.3 ಜನ, ಭಾರತ, ಚೀನಾ, ಜಪಾನ್, ಗ್ರೀಸ್‌ನಲ್ಲಿ ಸುಮಾರು ಆರು ಜನ ಬೇಕಿತ್ತು ಅಂದರು. ಕಾರಣದ ಬಗ್ಗೆ ಇಂದಿಗೂ ವಾದ ಇದೆ. ಆ ಪಟ್ಟಿಯಲ್ಲಿ ಜಪಾನ್ ನಮ್ಮ ಪಕ್ಕದಲ್ಲೇ ಕೂತಿತ್ತು ಅನ್ನುವುದನ್ನು ನಾನು ಮೀಟಿಂಗಿನಲ್ಲಿ ಒಮ್ಮೆ ನೆನಪಿಸುತ್ತೇನೆ, ಸಾಮಾನ್ಯವಾಗಿ ಸೋಮಾರಿ ಮಾತು ಅಲ್ಲಿಗೆ ನಿಲ್ಲುತ್ತದೆ. ಕೈ ಅಗ್ಗವಾಗಿದ್ದಾಗ ಜಾಸ್ತಿ ಕೈ ಹಾಕುವುದು ಮಾಲೀಕನ ಲೆಕ್ಕದಲ್ಲಿ ತಪ್ಪೂ ಅಲ್ಲ.

ಶೆಡ್ಡಿನಲ್ಲಿ ಹುಡುಕಬೇಕಾದ್ದು ಬೇರೆ. ಅಚ್ಚು ಕಟ್ಟುವ ಮೌಲ್ಡಿಂಗ್ ಕೈಯಲ್ಲೋ, ಯಂತ್ರದ ಲೈನಿನಲ್ಲೋ? ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ಕರೆಂಟಿನಿಂದ ಲೋಹ ಕರಗಿಸುವ ಇಂಡಕ್ಷನ್ ಫರ್ನೇಸಿನ ಎದುರು ಎಷ್ಟು ಜನ ಎಷ್ಟು ಹೊತ್ತು ಸುಮ್ನೆ ನಿಲ್ಲುತ್ತಾರೆ? ಆ ಗಂಟೆಗೂ 129 ರೂಪಾಯಿ ಹೋಗುತ್ತಿರುತ್ತದೆ. ಆರ್ಡರು ಸಣ್ಣ ಸಣ್ಣದಾಗಿ ಬಂದು ದಿನಕ್ಕೆ ನಾಲ್ಕು ಸಲ ಪ್ಯಾಟರ್ನ್ (ಅಚ್ಚು ಒತ್ತುವ ಮಾದರಿ) ಬದಲಾಯಿಸಬೇಕಾ?

ನಮ್ಮ ಪರಿಚಯದವರ ಶೆಡ್ಡಿನಲ್ಲಿ ಒಂದು ವಾರ ಗಂಟೆ ಬರೆದಿಟ್ಟೆವು. ಅತಿ ಹೆಚ್ಚು ಸಮಯ ತಿನ್ನುತ್ತಿದ್ದದ್ದು ಫೆಟ್ಲಿಂಗ್. ಅದರಲ್ಲೂ ಅರ್ಧದಷ್ಟು ಕೆಲಸ ಮರಳು ಸರಿಯಿಲ್ಲದೆ ಮೈ ಒರಟಾಗಿ ಬಂದ ಎರಕವನ್ನು ತಿದ್ದುವುದು. ಜರ್ಮನಿಯವನಿಗೆ ಕೊನೆಗೆ ಅರ್ಧ ಪುಟದ ಉತ್ತರ ಹೋಯಿತು: ಒಳ್ಳೆ ಮಾಲಿನ ಟನ್ನಿಗೆ ಕಾರ್ಮಿಕ ವೆಚ್ಚ ಎಷ್ಟು, ಒಟ್ಟು ಬೆಲೆಯಲ್ಲಿ ಅದರ ಪಾಲು ಎಷ್ಟು, ಲೋಹ ಮತ್ತು ಕರೆಂಟಿನ ಪಾಲು ಎಷ್ಟು. ಕೂಲಿ ಅಗ್ಗ ಅನ್ನುವ ಮಾತಿಗೆ ಪ್ರತಿವಾದ ಬರೆಯಲಿಲ್ಲ. ಮೇಲ್ ಕಳಿಸಿದ ಸಂಜೆಯೇ ಅವರು ಮರಳಿನ ತೇವ ಅಳೆಯುವ ಮೀಟರಿಗೆ ಕೊಟೇಶನ್ ಕೇಳಿದರು.